ಲಕ್ವ ಹೊಡೆದವರ ಲೆಕ್ಕ ಇಡಿ: ಉತ್ತರ ಕನ್ನಡ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ಅಂಕೋಲೆಯಿಂದ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದವರ ಕೈಕಾಲು ಮತ್ತೆ ಆಡುವಂತೆ ಮಾಡುವುದು ನನ್ನ ಕೆಲಸ. ಈ ಪತ್ರದಲ್ಲಿ ಕೇಳುತ್ತಿರುವುದು ಒಂದೇ. ನಮ್ಮ ಜಿಲ್ಲೆಯಲ್ಲಿ ಲಕ್ವ ಹೊಡೆದ ಪ್ರತಿಯೊಬ್ಬರ ದಾಖಲೆ ಇಡಿ. ಯಾವ ಊರಿನವರು, ಯಾವ ಸಮುದಾಯದವರು, ಮನೆಯಲ್ಲಿ ಆಡುವ ಮಾತು ಯಾವುದು, ಲಕ್ವ ಹೊಡೆದ ಎಷ್ಟು ಹೊತ್ತಿಗೆ ಸಿ.ಟಿ. ಸ್ಕ್ಯಾನ್ ಆಯಿತು, ಮೂರು ತಿಂಗಳ ಮೇಲೆ ಎದ್ದು ಓಡಾಡುತ್ತಿದ್ದಾರೋ ಇಲ್ಲವೋ, ಇಷ್ಟು ಬರೆದಿಡಿ. ವರ್ಷಕ್ಕೊಮ್ಮೆ ಆ ಲೆಕ್ಕವನ್ನು ಜನರ ಮುಂದಿಡಿ.

"ಸಮುದಾಯ ಯಾಕೆ? ಕಾಯಿಲೆಗೆ ಜಾತಿ ಇದೆಯಾ?" ಅಂತ ನೀವು ಕೇಳಬಹುದು. ಕಾಯಿಲೆಗೆ ಇಲ್ಲ. ಚಿಕಿತ್ಸೆಗೆ ಇದೆಯಾ ಅನ್ನುವುದು ನನ್ನ ಪ್ರಶ್ನೆ.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ಇದು ನಿಮಗೆ ಗೊತ್ತಿರುವುದೇ, ಆದರೆ ಈ ಪತ್ರವನ್ನು ಬೇರೆಯವರೂ ಓದುತ್ತಾರಲ್ಲ. ಲಕ್ವದಲ್ಲಿ ಎರಡು ಬಗೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ರಕ್ತ ನಿಂತುಹೋಗುವುದು ಒಂದು. ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ: ಬಾಯಿ ಸೊಟ್ಟ, ಒಂದು ಕೈ ಜೋತುಬಿದ್ದಿದೆ, ಮಾತು ತೊದಲುತ್ತಿದೆ. ಸಿ.ಟಿ. ಮಾಡದೆ ಯಾವುದು ಅಂತ ಎಂಥ ದೊಡ್ಡ ಡಾಕ್ಟರೂ ಹೇಳಲಾರರು. ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ, ಅಂದರೆ ಹೊಸದೇನೂ ಅಲ್ಲ. ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತ ಸೋರುತ್ತಿರುವವರಿಗೆ ಕೊಟ್ಟರೆ ಅದೇ ಇಂಜೆಕ್ಷನ್ ಜೀವ ತೆಗೆಯಬಹುದು. ದೊಡ್ಡ ನಾಳವೇ ಕಟ್ಟಿದ್ದರೆ, ತೊಡೆಯ ನಾಳದಿಂದ ಸಪೂರ ನಳಿಕೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನವೂ ಇದೆ. ಕೆಲವರಿಗೆ ಇದನ್ನು 16 ಗಂಟೆಯವರೆಗೆ ಮಾಡಬಹುದು ಅಂತ 2018ರಲ್ಲಿ ಬಂದ ಒಂದು ಅಧ್ಯಯನ, 24 ಗಂಟೆಯವರೆಗೂ ಮಾಡಬಹುದು ಅಂತ ಇನ್ನೊಂದು ತೋರಿಸಿವೆ. ಆದರೂ ಬೇಗ ಮಾಡಿದಷ್ಟೂ ಒಳ್ಳೆಯದು. ಚಿಕಿತ್ಸೆ ಇಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಒಂದು ಪ್ರಸಿದ್ಧ ಅಂದಾಜು ಇದೆ.

ಹೀಗಾಗಿ ಲಕ್ವದಲ್ಲಿ ಯಾರು ಬದುಕುತ್ತಾರೆ, ಯಾರು ಹಾಸಿಗೆ ಹಿಡಿಯುತ್ತಾರೆ ಅನ್ನುವುದು ಬಹಳ ಸಲ ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ತೀರ್ಮಾನ ಆಗಿರುತ್ತದೆ. ಬಾಗಿಲು ದಾಟಿದ ಮೇಲಿನ ಮೊದಲ ಒಂದು ಗಂಟೆಯೂ ಅಷ್ಟೇ ಮುಖ್ಯ.

ಈಗ ಅಮೆರಿಕಕ್ಕೆ ಹೋಗಿ ಬರೋಣ, ಕಾರಣ ಇದೆ. ಅಲ್ಲಿ ಕಪ್ಪು ಜನರಿಗೆ ಮೊದಲ ಸಲ ಲಕ್ವ ಹೊಡೆಯುವ ಅಪಾಯ ಬಿಳಿಯರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಅದರಿಂದ ಸಾಯುವುದೂ ಜಾಸ್ತಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಅವರಿಗೆ ಸಿಗುವುದು ಕಮ್ಮಿ, ಎಮರ್ಜೆನ್ಸಿ ವಾರ್ಡಿನಲ್ಲಿ ಕಾಯುವುದು ಹೆಚ್ಚು ಅಂತ ಒಂದರ ಹಿಂದೊಂದು ಅಧ್ಯಯನ ಹೇಳಿವೆ. ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿ ಊರಿನಲ್ಲಿ ಮೆಕ್ಸಿಕನ್ ಮೂಲದವರನ್ನು ವರ್ಷಗಟ್ಟಲೆ ಗಮನಿಸಿದರು. ಅವರಿಗೆ ಲಕ್ವ ಹೊಡೆಯುವುದೂ ಹೆಚ್ಚು, ಆಮೇಲೆ ಚೇತರಿಸಿಕೊಳ್ಳುವುದೂ ಕಮ್ಮಿ.

"ಅವರ ಊಟ, ಅವರ ಚಟ, ಅವರ ಬಿಪಿ" ಅಂತ ಹೇಳಿ ಮುಗಿಸುವವರು ಅಲ್ಲೂ ಇದ್ದರು. ಅದಕ್ಕೆ 2003ರಲ್ಲಿ ರಿಗಾರ್ಡ್ಸ್ ಅನ್ನುವ ದೊಡ್ಡ ಅಧ್ಯಯನ ಶುರುವಾಯಿತು. 45 ದಾಟಿದ 30 ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದರು. ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ಕಪ್ಪು ಬಿಳಿಯರ ನಡುವಿನ ಅಂತರದಲ್ಲಿ ಸುಮಾರು ಅರ್ಧಕ್ಕೆ ಮಾತ್ರ ಉತ್ತರ ಸಿಕ್ಕಿತು. ಉಳಿದ ಅರ್ಧ ಎಲ್ಲಿಂದ ಬಂತು ಅಂತ ಇವತ್ತಿಗೂ ಹುಡುಕುತ್ತಿದ್ದಾರೆ.

ಇದನ್ನೆಲ್ಲ ಅವರು ಕಂಡುಕೊಂಡಿದ್ದು ಹೇಗೆ? ಬರೆದಿಟ್ಟಿದ್ದರಿಂದ. ಜಾರ್ಜಿಯಾದ ಸೆನೆಟರ್ ಪಾಲ್ ಕವರ್‌ಡೆಲ್ 2000ದಲ್ಲಿ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಮರುವರ್ಷವೇ ಅವರ ಹೆಸರಿನಲ್ಲಿ ರಾಷ್ಟ್ರಮಟ್ಟದ ಲಕ್ವ ರಿಜಿಸ್ಟರ್‌ಗೆ ಅಲ್ಲಿನ ಸಂಸತ್ತು ಹಣ ಕೊಟ್ಟಿತು. ನಮ್ಮಲ್ಲಿ ಅಷ್ಟರವರೆಗೆ ಕಾಯುವುದು ಬೇಡ ಅಂತ ನನ್ನ ಆಸೆ. ನಮ್ಮ ಜನಪ್ರತಿನಿಧಿಗಳೆಲ್ಲ ಗಟ್ಟಿಮುಟ್ಟಾಗಿರಲಿ.

ಇನ್ನೊಂದು ಊರಿನ ವಿಷಯ ಹೇಳಲೇಬೇಕು. ದಕ್ಷಿಣ ಲಂಡನ್ನಿನಲ್ಲಿ 1995ರಿಂದ ಲಕ್ವ ರಿಜಿಸ್ಟರ್ ಇದೆ. ಅದರಿಂದ 2011ರಲ್ಲಿ ಬಂದ ವರದಿಯಲ್ಲಿ ಲೆಕ್ಕ ತಿರುಗಾಮುರುಗಾ. ಅಲ್ಲಿ ಕಪ್ಪು ಜನರೇ ಸ್ಟ್ರೋಕ್ ಯೂನಿಟ್‌ಗೆ, ಅಂದರೆ ಲಕ್ವದವರಿಗೆಂದೇ ಇರುವ ವಾರ್ಡಿಗೆ, ಹೆಚ್ಚು ದಾಖಲಾಗುತ್ತಿದ್ದರು, ಫಿಸಿಯೋಥೆರಪಿಯೂ ಅವರಿಗೇ ಹೆಚ್ಚು ಸಿಗುತ್ತಿತ್ತು. ಅಂದರೆ ಈ ಅಂತರ ಯಾರ ಹಣೆಬರಹವೂ ಅಲ್ಲ. ಒಂದೂರಿನಲ್ಲಿ ಇರುತ್ತದೆ, ಇನ್ನೊಂದೂರಿನಲ್ಲಿ ಇರುವುದಿಲ್ಲ. ನಮ್ಮೂರಿನಲ್ಲಿ ಇದೆಯೋ ಇಲ್ಲವೋ? ಹೇಳಲು ನಿಮ್ಮ ಹತ್ತಿರವೂ ಕಾಗದ ಇಲ್ಲ, ನನ್ನ ಹತ್ತಿರವೂ ಇಲ್ಲ.

ನಮ್ಮೂರಿಗೆ ಬರೋಣ. ಜಿಲ್ಲೆ ಹತ್ತು ಸಾವಿರ ಚದರ ಕಿಲೋಮೀಟರ್ ದಾಟುತ್ತದೆ. 2011ರ ಜನಗಣತಿಯಲ್ಲಿ 14 ಲಕ್ಷಕ್ಕೂ ಹೆಚ್ಚು ಜನ. ಮುಕ್ಕಾಲು ಪಾಲಿಗಿಂತ ಜಾಸ್ತಿ ಕಾಡು. ಕಾರವಾರದಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಆದರೂ ಮೆದುಳಿಗೆ ಪೆಟ್ಟು, ಹೃದಯಕ್ಕೆ ತೊಂದರೆ ಅಂದ ಕೂಡಲೇ ಮನೆಯವರ ಕಣ್ಣು ಜಿಲ್ಲೆಯ ಹೊರಗೆ ಹೋಗುತ್ತದೆ. ಕಾರವಾರದವರು ಗೋವಾದ ಬಾಂಬೋಳಿಗೆ, ಭಟ್ಕಳ ಹೊನ್ನಾವರದವರು ಮಣಿಪಾಲ ಮಂಗಳೂರಿಗೆ, ಶಿರಸಿ ಯಲ್ಲಾಪುರದವರು ಹುಬ್ಬಳ್ಳಿಗೆ.

ಆ ಮೂರೂ ದಾರಿಯ ಕತೆ ನಿಮಗೆ ಗೊತ್ತು. 2018ರಲ್ಲಿ ಗೋವಾ ಸರ್ಕಾರ ಹೊರರಾಜ್ಯದ ರೋಗಿಗಳಿಂದ ಶುಲ್ಕ ತೆಗೆದುಕೊಳ್ಳಲು ಶುರು ಮಾಡಿತು. 2024ರ ಆಗಸ್ಟ್‌ನಲ್ಲಿ ಅದೇ ದಾರಿಯ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ದಕ್ಷಿಣದ ಕಡೆ, 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಹತ್ತಿರ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಎರಡು ವರ್ಷದ ಮೇಲೆ, ನಮ್ಮ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ಹೆಸರು ಒಂದೇ, ಊರು ಬೇರೆ, ದಾರಿ ಮಾತ್ರ ಅದೇ ಹೆದ್ದಾರಿ. ಇನ್ನು ನಮ್ಮ ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವವರಿಗೆ ಅರಬೈಲ್ ಘಟ್ಟ. ಮಳೆಗಾಲದಲ್ಲಿ ಅದರ ಬಗ್ಗೆ ಹೇಳುವುದೇ ಬೇಡ.

2019ರಲ್ಲಿ ನಮ್ಮ ಹುಡುಗರು "ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು" ಅಂತ ಸಾಮಾಜಿಕ ಜಾಲತಾಣದಲ್ಲಿ ಎಬ್ಬಿಸಿದ ಕೂಗಿಗೆ ನಾನೂ ದನಿ ಸೇರಿಸಿದ್ದೆ. ಈಗಲೂ ಆಸ್ಪತ್ರೆ ಬೇಕು. ಆದರೆ ಆ ಕೂಗಿನಲ್ಲಿ ಒಂದು ವಿಷಯ ಮುಚ್ಚಿಹೋಯಿತು ಅನ್ನಿಸುತ್ತದೆ. ಇಡೀ ಜಿಲ್ಲೆಗೆ ಒಂದೇ ಥರ ಅನ್ಯಾಯ ಆಗಿದೆ ಅನ್ನುವ ಹಾಗೆ ನಾವೆಲ್ಲ ಮಾತಾಡಿದೆವು. ಒಂದೇ ಥರ ಆಗಿಲ್ಲ.

ಯಲ್ಲಾಪುರ ಕಡೆಯ ಒಂದು ಸಿದ್ದಿ ಕೇರಿಯ ಮನೆಗೆ ನಾನು ಹೋಗುತ್ತಿದ್ದೆ. ಸಿದ್ದಿಗಳು ಅಂದರೆ ಆಫ್ರಿಕಾ ಮೂಲದ ನಮ್ಮ ಜಿಲ್ಲೆಯವರು. ಆತ ಕೊನೆಗೌಡ. ಅಡಿಕೆ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಜೋತು ದಾಟಿ ಕೊನೆ ಇಳಿಸುತ್ತಿದ್ದವನು. ವಯಸ್ಸು ಐವತ್ತರ ಒಳಗೆ. ಒಂದು ಸಂಜೆ ಅಂಗಳದಲ್ಲಿ ಕುಸಿದು ಬಿದ್ದ. ಮಾತು ತೊದಲುತ್ತಿತ್ತು, ನಡೆಯಲು ಹೋದರೆ ಒಂದು ಕಡೆ ವಾಲುತ್ತಿದ್ದ. ಪಿಕಪ್ ಗಾಡಿ ಹಿಡಿದು ಹತ್ತಿರದ ಆಸ್ಪತ್ರೆಗೆ ಒಯ್ದರು. ಅಲ್ಲಿದ್ದವರು ಒಮ್ಮೆ ನೋಡಿ, "ಕುಡಿದದ್ದು ಇಳಿಯಲಿ, ಬೆಳಿಗ್ಗೆ ನೋಡೋಣ" ಅಂತ ಗ್ಲೂಕೋಸ್ ಹಾಕಿ ಮಲಗಿಸಿದರಂತೆ. ಬೆಳಿಗ್ಗೆ ಬಲಗೈ ಎತ್ತಲು ಆಗುತ್ತಿರಲಿಲ್ಲ. ಆಮೇಲೆ ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ನಾಲ್ಕೂವರೆ ಗಂಟೆ ಯಾವಾಗಲೋ ಮುಗಿದಿತ್ತು.

ಅವನ ಹೆಂಡತಿ ನನಗೆ ಹೇಳಿದ್ದು ಹೀಗೆ: "ಅವತ್ತು ಕುಡಿದಿರ್ಲಿಲ್ಲ ಮೇಡಂ. ಕುಡಿದಿದ್ರೆ ನಾನೇ ಹೇಳ್ತಿದ್ದೆ. ನನ್ನ ಯಾರೂ ಕೇಳ್ಲೇ ಇಲ್ಲ."

ಮಾತು ತೊದಲುತ್ತಾ ವಾಲಾಡುವ ಮನುಷ್ಯ ಕುಡಿದಿರಬಹುದು ಅಂತ ಯಾರಿಗಾದರೂ ಒಂದು ಕ್ಷಣ ಅನ್ನಿಸೀತು. ಅದು ತಪ್ಪಲ್ಲ. ಆದರೆ "ಎರಡೂ ಕೈ ಮೇಲೆತ್ತಿ ಹಿಡಿ, ಒಮ್ಮೆ ನಗು" ಅಂದು ನೋಡಲು ಅರ್ಧ ನಿಮಿಷ ಸಾಕು. ಅದಕ್ಕೆ ಸ್ಕ್ಯಾನೂ ಬೇಡ, ತಜ್ಞರೂ ಬೇಡ. ಬ್ಯಾಂಕಿನ ಮ್ಯಾನೇಜರು ಹಾಗೇ ತೊದಲುತ್ತಾ ಬಂದಿದ್ದರೆ ಆ ಅರ್ಧ ನಿಮಿಷ ಸಿಗುತ್ತಿತ್ತಾ ಇಲ್ವಾ? ಸಿಗುತ್ತಿತ್ತು ಅಂತ ನನ್ನ ಅನುಮಾನ. ಅನುಮಾನ ಅಷ್ಟೇ. ಒಂದು ಮನೆಯ ಕತೆಯಿಂದ ಏನೂ ಸಾಬೀತಾಗುವುದಿಲ್ಲ ಅಂತ ನನಗೂ ಗೊತ್ತು. ಬಡತನ ಕಾರಣವೋ, ದೂರ ಕಾರಣವೋ, ಆ ಮುಖ ನೋಡಿದ ಕೂಡಲೇ ಮನಸ್ಸಿನಲ್ಲಿ ಬಂದ ಎಣಿಕೆ ಕಾರಣವೋ, ಇವನ್ನು ಬಿಡಿಸಿ ನೋಡಬೇಕು ಅಂದರೆ ಲೆಕ್ಕ ಬೇಕು.

ಬಿಡಿಸಿ ನೋಡಲು ನಮ್ಮ ಜಿಲ್ಲೆಯಂಥ ಜಾಗ ಬೇರೆಲ್ಲೂ ಸಿಗಲಿಕ್ಕಿಲ್ಲ. ಘಟ್ಟದ ಮೇಲೆ ತೋಟದ ಯಜಮಾನರ ಮನೆ, ಕೆಲಸದವರ ಕೇರಿ ಎರಡೂ ಒಂದೇ ಊರಿನಲ್ಲಿ ಇರುತ್ತವೆ. ಇಬ್ಬರದ್ದೂ ಒಂದೇ ರಸ್ತೆ, ಅದೇ ತಿರುವು, ಅದೇ 108. ಯಜಮಾನರಿಗೆ ಲಕ್ವ ಹೊಡೆದರೆ ಮನೆಯಲ್ಲೇ ಕಾರಿದೆ, ಬೆಂಗಳೂರಿನಲ್ಲಿ ಡಾಕ್ಟರಾದ ತಂಗಿಯ ಮಗ ಫೋನಿನಲ್ಲಿದ್ದಾನೆ, "ದಾರಿಯಲ್ಲಿ ಎಲ್ಲೂ ನಿಲ್ಲಬೇಡಿ, ಸೀದಾ ಇಂಥ ಆಸ್ಪತ್ರೆಗೆ ಹೋಗಿ" ಅಂತ ಹೇಳುತ್ತಾನೆ. ಕೆಲಸದವರ ಕೇರಿಯಲ್ಲಿ ಹೇಳುವವರಿಲ್ಲ. ಒಂದೇ ಊರಿನ ಇಬ್ಬರಲ್ಲಿ ಒಬ್ಬರಿಗೆ ಮೂರು ಗಂಟೆಯಲ್ಲಿ ಸಿ.ಟಿ. ಆಗಿ, ಇನ್ನೊಬ್ಬರಿಗೆ ಮರುದಿನ ಆದರೆ, ಆ ತಡಕ್ಕೆ ಘಟ್ಟವನ್ನು ಬೈಯಲು ಬರುವುದಿಲ್ಲ ಅಲ್ವಾ? ರಿಜಿಸ್ಟರ್ ಇದ್ದರೆ ಇದು ಎರಡು ಸಾಲಿನಲ್ಲಿ ಕಣ್ಣಿಗೆ ಬೀಳುತ್ತದೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಪಾಡು ಇನ್ನೂ ದೊಡ್ಡದು. ನನಗೆ ಚೆನ್ನಾಗಿ ಗೊತ್ತಿರುವುದು ಈ ಭಾಗ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಲಕ್ವದ ನಂತರ ಕೈಕಾಲು ಮರಳುವುದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಆಮೇಲೂ ಸುಧಾರಣೆ ಇದೆ, ಆದರೆ ನಿಧಾನ. ಆ ಮೂರು ತಿಂಗಳು ಏನು ಮಾಡುತ್ತೇವೆ ಅನ್ನುವುದರ ಮೇಲೆ ಉಳಿದ ಜೀವಮಾನ ನಿಂತಿದೆ. ಆ ಕೊನೆಗೌಡನ ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು, ಫಿಸಿಯೋಥೆರಪಿ ಮಾಡಿಸುವುದು ಅಂತ. ಎಲ್ಲಿ, ಯಾರಿಂದ, ಏನು ಅಂತ ಇಲ್ಲ. ಚೀಟಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಜಂತಿಗೆ ಸಿಕ್ಕಿಸಿದ್ದರು. ಮನೆಯಲ್ಲಿ ಅದನ್ನು ಓದಬಲ್ಲವರು ಇರಲಿಲ್ಲ.

ನಾನು ಹೋಗುವ ಹೊತ್ತಿಗೆ ಅವನ ಬಲಭುಜದ ಕೀಲು ಒಂದು ಬೆರಳು ಹೋಗುವಷ್ಟು ಕೆಳಗೆ ಜಾರಿತ್ತು. ಯಾಕೆ ಅಂದರೆ ದಿನಾ ಅವನನ್ನು ಎಬ್ಬಿಸುವಾಗ ಆ ಕೈಯನ್ನೇ ಹಿಡಿದು ಎಳೆಯುತ್ತಿದ್ದರು. ಮನೆಯವರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ, ಎಳೆಯಬಾರದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಸೊಂಟಕ್ಕೆ ಟವೆಲ್ ಸುತ್ತಿ ಅದನ್ನು ಹಿಡಿದು ಎಬ್ಬಿಸುವುದು ಹೇಗೆ, ಮಲಗಿಸುವಾಗ ಭುಜದ ಕೆಳಗೆ ಮಡಚಿದ ಕಂಬಳಿ ಇಡುವುದು ಹೇಗೆ ಅಂತ ತೋರಿಸಲು ಹತ್ತು ನಿಮಿಷ ಹಿಡಿಯಿತು. ಈ ಹತ್ತು ನಿಮಿಷವನ್ನು ವಾರ್ಡಿನಲ್ಲೇ ಕೊಡಬಹುದಿತ್ತು. ನೀರು ಕುಡಿಸುವ ವಿಷಯವೂ ಹಾಗೇ. ಲಕ್ವದ ರೋಗಿಗೆ ನುಂಗಲು ಬರುತ್ತದಾ ಅಂತ ಪರೀಕ್ಷೆ ಮಾಡದೆ ಬಾಯಿಗೆ ಏನೂ ಹಾಕಬಾರದು. ಇಲ್ಲದಿದ್ದರೆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಲಕ್ವ ತಡೆದುಕೊಂಡವರು ಇದರಿಂದ ಸಾಯುತ್ತಾರೆ.

ಮಾತಿನ ಚಿಕಿತ್ಸೆ ಇನ್ನೂ ಕಷ್ಟ. ಚಿತ್ರ ತೋರಿಸಿ ಹೆಸರು ಹೇಳಿಸುವುದು ಅದರ ಒಂದು ಭಾಗ. ಆ ಕಾರ್ಡುಗಳಲ್ಲಿ ಇರುವುದು ಪುಸ್ತಕದ ಕನ್ನಡ. ಸಿದ್ದಿಗಳು ಮನೆಯಲ್ಲಿ ಆಡುವುದು ಅವರದ್ದೇ ಬಗೆಯ ಕೊಂಕಣಿ. ಹಾಲಕ್ಕಿಗಳ ಕನ್ನಡವೇ ಬೇರೆ. ಭಟ್ಕಳದ ನವಾಯತರದ್ದು ನವಾಯತಿ, ಗೌಳಿಗಳದ್ದು ಮರಾಠಿ. ಮೆದುಳಿಗೆ ಪೆಟ್ಟಾದವರಿಗೆ ಕಲಿತ ಭಾಷೆಯಲ್ಲಿ ಪರೀಕ್ಷೆ ಮಾಡಿ "ಮಾತು ಪೂರ್ತಿ ಹೋಗಿದೆ" ಅಂತ ಬರೆದರೆ ಅದು ಸರಿಯಾದ ಪರೀಕ್ಷೆಯಾ? ಕೊನೆಗೌಡನ ಮಗಳು ಅವರ ಮಾತಿನಲ್ಲಿ ಕೇಳಿದಾಗ ಅವನು ಕತ್ತಿ, ಹಗ್ಗ, ನೀರು ಮೂರಕ್ಕೂ ಹೆಸರು ಹೇಳಿದ. ಚೀಟಿಯಲ್ಲಿ ಬೇರೆಯೇ ಇತ್ತು.

ಹೋಗಿಬರುವ ಖರ್ಚಿನ ಮಾತು. ಶಕ್ತಿ ಯೋಜನೆಯಲ್ಲಿ 2023ರಿಂದ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ, ಒಳ್ಳೆಯದೇ. ಆದರೆ ಲಕ್ವ ಹೊಡೆದಿರುವುದು ಗಂಡನಿಗೆ. ಬಸ್ ನಿಲ್ಲುವ ಜಾಗಕ್ಕೆ ಬರಲು ಕಾಡಿನ ಮಣ್ಣು ದಾರಿ, ಬಾಡಿಗೆ ಜೀಪು. ಹೆಂಡತಿ ಜೊತೆಗೆ ಬಂದರೆ ಅವಳ ಆ ದಿನದ ಕೂಲಿಯೂ ಹೋಯಿತು.

ಇಲ್ಲಿ ಬೆಳಂಬಾರದ ಹೆಸರು ಬರಲೇಬೇಕು. ನಮ್ಮ ತಾಲೂಕಿನ ಬೆಳಂಬಾರಕ್ಕೆ ಲಕ್ವದ ನಾಟಿ ಮದ್ದಿಗೆಂದು ರಾಜ್ಯದ ಮೂಲೆಮೂಲೆಯಿಂದ ಜನ ಬರುತ್ತಾರೆ. ಮದ್ದು ಕೊಡುವವರು ಹಾಲಕ್ಕಿಗಳು. ಆ ಮದ್ದು ಹೆಪ್ಪು ಕರಗಿಸುತ್ತದೆ ಅಂತ ನಾನು ಒಪ್ಪುವುದಿಲ್ಲ. ಮೊದಲ ದಿನ ಅಲ್ಲಿಗೆ ಓಡುವುದನ್ನಂತೂ ಖಂಡಿತ ಒಪ್ಪುವುದಿಲ್ಲ. ಆದರೆ ಸರ್ಕಾರಿ ವಾರ್ಡಿನಲ್ಲಿ ಯಾರೂ ಕೂತು ಮಾತಾಡಿಸದ ರೋಗಿಯನ್ನು ಅಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಜನ ಅದಕ್ಕೆ ಹೋಗುತ್ತಾರೆ. ಅವರನ್ನು ಬೈಯುವ ಬದಲು, "ಇವತ್ತೇ ಲಕ್ವ ಹೊಡೆದಿದ್ದರೆ ಮೊದಲು ಸ್ಕ್ಯಾನ್‌ಗೆ ಕಳಿಸಿ" ಅಂತ ಅವರ ಜೊತೆ ಕೂತು ಮಾತಾಡಿ. ನಾಲ್ಕೂವರೆ ಗಂಟೆಯ ವಿಷಯವನ್ನು ನಮ್ಮ ಬ್ಯಾನರ್‌ಗಿಂತ ಚೆನ್ನಾಗಿ ಅವರು ಹರಡಬಲ್ಲರು.

ರಿಜಿಸ್ಟರಿನಲ್ಲಿ ಸಮುದಾಯದ ಹೆಸರನ್ನು ಹೆಸರು ಹಿಡಿದೇ ಬರೆಯಬೇಕು ಅನ್ನುವುದಕ್ಕೂ ಕಾರಣ ಇದೆ. ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಹಾಲಕ್ಕಿಗಳು ಎಷ್ಟೋ ವರ್ಷದಿಂದ ಕೇಳುತ್ತಿದ್ದರೂ ಆ ಪಟ್ಟಿಗೆ ಸೇರಿಲ್ಲ. ಜೊಯಿಡಾದ ಕುಣಬಿಗಳೂ ಕೇಳುತ್ತಲೇ ಇದ್ದಾರೆ. ಬರೀ ಎಸ್‌ಸಿ, ಎಸ್‌ಟಿ, ಇತರೆ ಅಂತ ಮೂರು ಕಾಲಂ ಹಾಕಿದರೆ ಹಾಲಕ್ಕಿ ಕೂಲಿಯವರೂ ಕುಮಟೆಯ ಅಂಗಡಿ ಸಾಹುಕಾರರೂ "ಇತರೆ"ಯಲ್ಲಿ ಒಟ್ಟಿಗೆ ಕೂರುತ್ತಾರೆ. ಹಾಡುಗಾರ್ತಿ ಸುಕ್ರಜ್ಜಿಗೆ (ಸುಕ್ರಿ ಬೊಮ್ಮಗೌಡ) 2017ರಲ್ಲಿ, ಗಿಡ ಬೆಳೆಸಿದ ತುಳಸಿ ಗೌಡರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಹಾಲಕ್ಕಿ ಅಂತ ಹೆಸರು ಹಿಡಿದೇ ಹೊಗಳಿದೆವಲ್ಲ. ಕೇಸ್ ಶೀಟಿನಲ್ಲೂ ಬರೆಯೋಣ.

ಇದನ್ನು ಕ್ಯಾಶುವಾಲ್ಟಿಯಲ್ಲಿ ಕೇಳಬೇಡಿ. ರೋಗಿ ಒಳಗೆ ಬರುವಾಗಲೇ ಜಾತಿ ಕೇಳಿದರೆ ಜನ ಹೆದರುತ್ತಾರೆ, ಹೆದರಿಕೆಗೆ ಅರ್ಥವೂ ಇದೆ. ಚಿಕಿತ್ಸೆ ಶುರುವಾದ ಮೇಲೆ, ವಾರ್ಡಿನಲ್ಲಿ, ಮನೆಯವರನ್ನು ಕೇಳಿ. ಹೇಳಲು ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ. ವರದಿಯಲ್ಲಿ ಯಾರ ಹೆಸರೂ ಬೇಡ. ಮೂರು ತಿಂಗಳ ಮೇಲೆ ಹೇಗಿದ್ದಾರೆ ಅಂತ ನೋಡಲು ಆಶಾ ಕಾರ್ಯಕರ್ತೆಯರೇ ಸಾಕು. ಅವರಿಗೆ ಅದಕ್ಕೆ ಬೇರೆ ಹಣ ಕೊಡಿ, ಸುಮ್ನೆ ಇನ್ನೊಂದು ಕೆಲಸ ಹೊರಿಸಬೇಡಿ.

"ಇದೆಲ್ಲ ಜಿಲ್ಲಾ ಮಟ್ಟದಲ್ಲಿ ಆಗುವ ಕೆಲಸವಾ?" ಅಂದರೆ, ಆಗುತ್ತದೆ. ಲಕ್ವ ರಿಜಿಸ್ಟರ್ ನಡೆಸುವ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಅವರು ಕಟಕ್, ವಾರಾಣಸಿ, ಕೋಟ, ತಿರುನೆಲ್ವೇಲಿ, ಅಸ್ಸಾಮಿನ ಕಾಚಾರ್‌ಗಳಲ್ಲಿ ಊರಿನ ಜನರೆಲ್ಲರ ಲೆಕ್ಕ ಹಿಡಿಯುವ ರಿಜಿಸ್ಟರ್ ಮಾಡಿದ್ದಾರೆ. ಫಾರಂ ಹೇಗಿರಬೇಕು ಅಂತ ಕೇಳಲು ದೂರ ಹೋಗಬೇಕಾಗಿಲ್ಲ.

ಚಿಕಿತ್ಸೆಗೂ ದಾರಿ ಇದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವು ಅಂತ ಬಂದವರಿಗೆ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಕೇಳಿ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುತ್ತಾರೆ. 2023ರಲ್ಲಿ ಶುರುವಾದ ಯೋಜನೆ ಇದು. ಹೃದಯಕ್ಕೆ ಆಗಿದ್ದು ಮೆದುಳಿಗೆ ಯಾಕಾಗಬಾರದು? ಮೆದುಳಿಗೆ ಸಿ.ಟಿ. ಬೇಕು, ಅದು ಎಲ್ಲ ತಾಲೂಕಿನಲ್ಲೂ ಆಗದ ಮಾತು, ಒಪ್ಪಿದೆ. ಹಿಮಾಚಲ ಪ್ರದೇಶ ನಮಗಿಂತ ಕಡಿದಾದ ಗುಡ್ಡಗಳ ರಾಜ್ಯ. ಅಲ್ಲಿ 2014ರ ಸುಮಾರಿಗೇ ಸಿ.ಟಿ. ಇರುವ ಸಣ್ಣ ಊರಿನ ಆಸ್ಪತ್ರೆಗಳ ಡಾಕ್ಟರುಗಳಿಗೆ ತರಬೇತಿ ಕೊಟ್ಟರು. ಅವರು ಸ್ಕ್ಯಾನಿನ ಚಿತ್ರವನ್ನು ಮೊಬೈಲಿನಲ್ಲಿ ನರರೋಗ ತಜ್ಞರಿಗೆ ಕಳಿಸಿ, ಅವರು ಹೂಂ ಅಂದ ಮೇಲೆ ಅಲ್ಲೇ ಇಂಜೆಕ್ಷನ್ ಕೊಡುವ ವ್ಯವಸ್ಥೆ. ಇಂಜೆಕ್ಷನ್ನಿನ ಖರ್ಚು ಸರ್ಕಾರದ್ದು. ನಿಮ್ಹಾನ್ಸ್ ಜೊತೆ ಸೇರಿ ನಮ್ಮ ಸರ್ಕಾರವೂ 2022ರಲ್ಲಿ ಮೆದುಳು ಆರೋಗ್ಯದ ಕಾರ್ಯಕ್ರಮ ಶುರು ಮಾಡಿದೆ. ಅದರಲ್ಲಿ ಇಲ್ಲಿನ ಲಕ್ವದ ರೋಗಿಗಳಿಗೂ ಜಾಗ ಕೊಡಿ ಅಂತ ಕೇಳಲು ನಿಮ್ಮ ಒಂದು ಪತ್ರ ಸಾಕು.

ಆದರೆ ಯಂತ್ರ ಬಂದ ಮಾತ್ರಕ್ಕೆ ಅಂತರ ಕರಗುವುದಿಲ್ಲ. ಅಮೆರಿಕದಲ್ಲಿ ಯಂತ್ರಕ್ಕೇನು ಕಮ್ಮಿ? ನಾಳೆ ಕುಮಟೆಯಲ್ಲೋ ಶಿರಸಿಯಲ್ಲೋ ದೊಡ್ಡ ಆಸ್ಪತ್ರೆ ಎದ್ದು ನಿಂತರೂ, ಕೊನೆಗೌಡನನ್ನು "ಕುಡಿದದ್ದು ಇಳಿಯಲಿ" ಅಂತ ಮಲಗಿಸಿದರೆ ಅವನಿಗೆ ಏನು ಬಂತು? ಅದಕ್ಕೇ ಕಟ್ಟಡದ ಮೊದಲು ಲೆಕ್ಕ ಕೇಳುತ್ತಿದ್ದೇನೆ. ಜಿಲ್ಲೆಯ ಸಿ.ಟಿ. ಇರುವ ಸರ್ಕಾರಿ ಆಸ್ಪತ್ರೆಗಳಿಂದಲೇ ಶುರು ಮಾಡಿ. ಹೊರಜಿಲ್ಲೆಗೆ ಕಳಿಸಿದ ರೋಗಿಗಳ ಕೊನೆ ಏನಾಯಿತು ಅಂತ ಆಮೇಲೆ ಸೇರಿಸಿಕೊಂಡರಾಯಿತು.

ಒಂದೇ ಪುಟದ ಮಾದರಿ ಫಾರಂ ನನ್ನ ಹತ್ತಿರ ಸಿದ್ಧವಿದೆ. ಕನ್ನಡದಲ್ಲೇ ಇದೆ, ತುಂಬಲು ನರ್ಸ್‌ಗೆ ಐದು ನಿಮಿಷ ಸಾಕು. ಯಾವ ಕಚೇರಿಯಲ್ಲಿ, ಯಾರ ಕೈಗೆ ಕೊಡಬೇಕು ಅಂತ ತಿಳಿಸಿದರೆ ನಾನೇ ಕಾರವಾರಕ್ಕೆ ಬಂದು ಕೊಟ್ಟು ಹೋಗುತ್ತೇನೆ.

ಇಂತಿ,
ಅಂಕೋಲೆಯ ಒಬ್ಬ ಫಿಸಿಯೋಥೆರಪಿಸ್ಟ್